ಹೆಂಗಸರ ಪಟ್ಟಿಯಲ್ಲಿ ಹತ್ತನೇ ಈರಣ್ಣ

‘ಸದ್ಯಕ್ಕೆ’ ಅಂತ ಶುರುವಾದ ಯಾವುದೂ ನಮ್ಮ ಆದೋನಿಯ ಹತ್ತಿ ಮಿಲ್ಲಿನಲ್ಲಿ ನಿಂತುಹೋದದ್ದನ್ನು ನಾನು ಕಂಡಿಲ್ಲ. ಎಂಬತ್ತರ ದಶಕದ ಕೊನೆಗೆ ಅಲ್ಲಿಗೆ ಕಂಪ್ಯೂಟರ್ ಬಂತು. ಹೈದರಾಬಾದಿನಲ್ಲಿ ಆರು ತಿಂಗಳು ಪ್ರೋಗ್ರಾಂ ಕಲಿತಿದ್ದ ನಾನೂ ಅದರ ಹಿಂದೆಯೇ, ಸದ್ಯಕ್ಕೆ, ಬಂದೆ. ಪ್ರೋಗ್ರಾಂ ಸರಿಯಾಗಿ ನಡೆದರೆ ಪರ್ಮನೆಂಟ್, ಇಲ್ಲದಿದ್ದರೆ ಮನೆಗೆ ಅಂತ ಮ್ಯಾನೇಜರು ಮೊದಲ ದಿನವೇ ಹೇಳಿಬಿಟ್ಟಿದ್ದರು.

೧. ಹೆಸರಿನ ಪಟ್ಟಿ

ಕೆಲಸಗಾರರ ಹಾಜರಿಯನ್ನು ಬರೀ ಹೆಸರಿನ ಮೇಲೆ ಇಡುವಂತೆ ಪ್ರೋಗ್ರಾಂ ಬರೆದೆ. ಉರುಕುಂದದ ಈರಣ್ಣಸ್ವಾಮಿ ಗುಡಿ ಪಕ್ಕದಲ್ಲೇ ಇದ್ದು, ಮನೆಗೊಬ್ಬನಿಗೆ ಆ ದೇವರ ಹೆಸರಿರುವಾಗ ಬುದ್ಧಿ ಇದ್ದವನು ಯಾರಾದರೂ ಹಾಗೆ ಬರೀತಾನಾ? ಮಿಲ್ಲಿನಲ್ಲಿ ಹತ್ತು ಜನ ಈರಣ್ಣರಿದ್ದರು. ಒಬ್ಬ ರಜೆ ಹಾಕಿದರೆ ಹತ್ತೂ ಜನಕ್ಕೆ ರಜೆ ಬೀಳುತ್ತಿತ್ತು.

“ಪೂರಾ ತಿದ್ದಿ ಬರೀಬೇಕ್ರಿ ಸಾರ್,” ಅಂದೆ.

“ಹತ್ತಿ ಸೀಸನ್ ಐತಿ ಆಚಾರ್ರ. ಸದ್ಯಕ್ಕ ನಂಬರ್ ಹಾಕಿ ನಡಸ್ರಿ,” ಅಂದರು ಮ್ಯಾನೇಜರು.

ನಂಬರಿಗೆ ಒಂದೇ ಅಂಕಿಯ ಜಾಗವಿತ್ತು. ಒಂಬತ್ತು ಜನ ಹಿಡಿಸಿದರು. ಹತ್ತನೆಯವನಿಗೆ ಸೊನ್ನೆ ಕೊಡುತ್ತೇನೆ ಅಂದರೆ, “ನಾನೇನ್ ಸೊನ್ನಿ ಏನ್ರಿ?” ಅಂತ ಕೂಗಾಡಿದ. ಹೆಂಗಸರ ಪಟ್ಟಿಯಲ್ಲಿ ಈರಣ್ಣ ಯಾರೂ ಇರಲಿಲ್ಲವಲ್ಲ, ಸದ್ಯಕ್ಕೆ ಅಲ್ಲಿಗೆ ಸೇರಿಸಿದೆ. ಆ ಪಟ್ಟಿಯವರಿಗೆ ರಾತ್ರಿ ಪಾಳಿ ಇಲ್ಲ. ವಾರದೊಳಗೆ ಉಳಿದ ಒಂಬತ್ತು ಈರಣ್ಣರೂ ನನ್ನ ಬಾಗಿಲಿಗೆ ಬಂದರು.

“ನಮ್ಮನ್ನೂ ಹೆಣ್ಮಕ್ಕಳಾಗ ಹಾಕ್ರಿ ಆಚಾರ್ರ!”

೨. ಹಾರ ಹಾಕಿಸಿಕೊಂಡವನು

ಮೂರನೇ ಈರಣ್ಣ ವಯಸ್ಸಾಗಿ ನಿವೃತ್ತನಾದ. ಹಾರ ಹಾಕಿ ಕಳಿಸಿದೆವು. ಆದರೆ ಅವನ ಹೆಸರು ಅಳಿಸಿದರೆ ನಾಲ್ಕನೆಯವನು ಮೂರಾಗಿ, ಐದನೆಯವನು ನಾಲ್ಕಾಗಿ, ಎಲ್ಲರ ರಜೆಯೂ ಅದಲುಬದಲಾಗುತ್ತಿತ್ತು.

“ಸದ್ಯಕ್ಕ ಇರ್ಲಿ ಬಿಡ್ರಿ,” ಅಂದರು ಮ್ಯಾನೇಜರು.

ತಿಂಗಳಾದ ಮೇಲೆ ಮುದುಕ ತನ್ನೂರು ಆಸ್ಪರಿಯಿಂದ ಬಸ್ಸು ಹತ್ತಿ ಬಂದ. ಹೇಳದೆ ಕೇಳದೆ ಗೈರುಹಾಜರಾದ ಕಾರಣ ತಿಳಿಸತಕ್ಕದ್ದು ಅಂತ ಕಂಪ್ಯೂಟರ್ ಅಚ್ಚು ಹಾಕಿದ ನಮ್ಮದೇ ನೋಟೀಸು ಅವನ ಕೈಯಲ್ಲಿತ್ತು.

“ಹಾರ ಹಾಕಿ ಕಳಿಸಿದವ್ರೂ ನೀವ, ಯಾಕ ಬರ್ಲಿಲ್ಲ ಅನ್ನೋರೂ ನೀವ. ಯಾವ್ದು ಖರೇ ರೀ?”

ನಾಚಿಕೆಯಾಯಿತು. ಅವನಿಗೆ ದಿನಾ ತಾನಾಗಿಯೇ ಹಾಜರಿ ಬೀಳುವಂತೆ ಎರಡು ಸಾಲು ಸೇರಿಸಿದೆ. ವರ್ಷದಲ್ಲಿ ಒಂದು ದಿನವೂ ತಪ್ಪಿಸದವನಿಗೆ ಕೊಡುವ ಗೋಡೆ ಗಡಿಯಾರ ಆ ಸಲ ಆಸ್ಪರಿಗೆ ಹೋಯಿತು.

೩. ಸರಿಯಾದ ಪ್ರೋಗ್ರಾಂ

ಇನ್ನು ಸಾಕು ಅಂತ ಮೂರು ತಿಂಗಳು ಕೂತು ಎಲ್ಲವನ್ನೂ ಮೊದಲಿಂದ ಬರೆದೆ. ಒಬ್ಬೊಬ್ಬನಿಗೆ ಒಂದೊಂದು ಟೋಕನ್ ನಂಬರು. ಯಾರು ಬೇಕಾದರೂ ನಡೆಸಬಹುದು, ಅಷ್ಟು ಸಲೀಸು. ಹೆಮ್ಮೆಯಿಂದ ಅದನ್ನು ತುಂಬಿದ ಅಂಗೈಯಗಲದ ಫ್ಲಾಪಿ ಹಿಡಿದು ಮ್ಯಾನೇಜರ ಕೋಣೆಗೆ ಹೋದರೆ, ಒಳಗೆ ಮಿಲ್ಲಿನ ಸಾವುಕಾರರ ದನಿ ಕೇಳಿಸಿತು. ಬಾಗಿಲಲ್ಲೇ ನಿಂತೆ.

“ಕಂಪ್ಯೂಟರ್ ನಡ್ಯಾಕ ಹತ್ತೇತಲ್ಲ, ಇನ್ನ ಆ ಹುಡುಗ ಯಾಕ? ಮನಿಗೆ ಕಳಸ್ರಿ.”

“ಹೆಂಗ ಕಳಸೋದ್ರಿ ಸಾವ್ಕಾರ್ರ?” ಅಂದರು ಮ್ಯಾನೇಜರು. “ಹತ್ತನೇ ಈರಣ್ಣ ಹೆಣ್ಮಕ್ಕಳಾಗ ಅದಾನ. ರಿಟೈರ್ ಆದಾಂವ ದಿನಾ ಡ್ಯೂಟಿಗೆ ಬರ್ತಾನ. ಇದೆಲ್ಲಾ ಆತಗೊಬ್ಬಗ ಗೊತ್ತೈತಿ.”



“ಸರೇ, ಹಂಗಾದ್ರ ಪರ್ಮನೆಂಟ್ ಮಾಡ್ರಿ,” ಅಂದರು ಸಾವುಕಾರರು.

ಸದ್ದಿಲ್ಲದೆ ಹಿಂದಕ್ಕೆ ಬಂದೆ. ಮನೆಯಲ್ಲಿ ಅಮ್ಮ ಮಜ್ಜಿಗೆ ಚೆಂಬಿಗೆ ಮುಚ್ಚಳ ಹುಡುಕುತ್ತಿದ್ದಳು. ಫ್ಲಾಪಿ ಅವಳ ಕೈಗೆ ಕೊಟ್ಟು, “ಸದ್ಯಕ್ಕ ಇದನ್ನ ಮುಚ್ಚಮ್ಮ,” ಅಂದೆ.

ಈಗಲೂ ಅದನ್ನೇ ಮುಚ್ಚುತ್ತಾಳೆ.