ತಿರುಗಿ ನೋಡಬಾರದು

ವಾಚ್ ರಿಪೇರಿಯವನ ಮಗಳಿಗೆ ಈಗಷ್ಟೇ ನಾಲ್ಕು ತುಂಬಿತ್ತು. ಅವಳು ಹಟ ಹಿಡಿದು ಕಿರುಚಿದರೆ ಅಪ್ಪನ ಅಂಗಡಿಯಲ್ಲಿ ನಿಂತುಹೋದ ಗಡಿಯಾರಗಳೂ ಹೆದರಿ ಓಡತೊಡಗುತ್ತವೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಶಿಶುವಿಹಾರದ ಹೆಡ್‌ಮಿಸ್ ಮಾತ್ರ ನಗಲಿಲ್ಲ. "ನಾಳೆ ಮಧ್ಯಾಹ್ನ ಇನ್ನೊಂದು ಸಲ ನೋಡ್ತೀನಿ. ಕಿರುಚಿದರೆ ಸೀಟಿಲ್ಲ" ಎಂದುಬಿಟ್ಟಿದ್ದರು.

ಅದಕ್ಕೇ ಅವನು ಮರುದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು, ಮಕ್ಕಳ ನಡವಳಿಕೆ ತಿದ್ದುವ ಡಾಕ್ಟರಮ್ಮನಲ್ಲಿಗೆ ಹೋದ.

"ಕಿರುಚಿದಾಗ ತಿರುಗಿ ನೋಡಬೇಡಿ. ಸುಮ್ಮನಾದ ತಕ್ಷಣ ಚಪ್ಪಾಳೆ ತಟ್ಟಿ ಜಾಣೆ ಅನ್ನಿ. ಆದರೆ ಹಟ ಯಾವುದು, ನಿಜವಾದ ಕಷ್ಟ ಯಾವುದು ಅಂತ ನೋಡ್ಕೊಳ್ಳಿ" ಎಂದರು ಅವರು. ಕೊನೆಯ ಮಾತು ಬರುವಷ್ಟರಲ್ಲಿ ಅವನು ಬಾಗಿಲ ಹೊರಗೆ ಚಪ್ಪಲಿ ಹುಡುಕುತ್ತಿದ್ದ.

ದಾರಿಯಲ್ಲಿ ಬಲೂನು ಕಂಡಿತು. ಮಗಳು ಕಿರುಚಿದಳು. ಅವನು ಲೈಟುಕಂಬವನ್ನೇ ನೋಡುತ್ತಾ ನಿಂತ. ಕಂಬದಲ್ಲಿ ಏನಿದೆಯೆಂದು ನೋಡಲು ಮಗುವೂ ಸುಮ್ಮನಾಯಿತು.

"ಜಾಣೆ!" ಎಂದು ಚಪ್ಪಾಳೆ ತಟ್ಟಿದ.

ತರಕಾರಿ ಚೀಲ ಹಿಡಿದು ಬರುತ್ತಿದ್ದ ಎದುರುಮನೆ ಅಜ್ಜಿ ಗಾಬರಿಯಾದರು. "ಮಗು ಗಂಟಲು ಹರ್ಕೊಳ್ತಿದ್ರೆ ಕಂಬ ನೋಡ್ತೀಯಲ್ಲೋ!"

"ಟ್ರೀಟ್‌ಮೆಂಟು, ಅಜ್ಜಿ."

"ನಿನಗೋ?"

ಮಗುವಿನ ಜೊತೆ ಸರಿಯಾಗಿರುವವರು ಒಬ್ಬರಾದರೂ ಇರಲಿ ಎಂದು ಅಜ್ಜಿ ಹಿಂದೆಯೇ ಬಂದರು. ಕನ್ನಡಕ ಮಾತ್ರ ಮನೆಯಲ್ಲೇ ಉಳಿದಿತ್ತು.

ಶಿಶುವಿಹಾರದ ಗೇಟಿನ ಪಕ್ಕ ಒಂದು ಬೆಂಚು. ಅವನು ಕೂರಲು ಹೋದಾಗ ಮಗಳು ಅಂಗಿ ಹಿಡಿದು ಜಗ್ಗಿದಳು. "ಅಪ್ಪಾ! ಬೇಡಾ! ಬೆಂಚೂ!" ಅವನು ಆಕಾಶ ನೋಡುತ್ತಾ ಕೂತ.

"ಏನೋ ಹೇಳ್ತಿದೆ ಕಣೋ" ಎಂದರು ಅಜ್ಜಿ.

"ಬರೀ ಹಟ. ಆ ಕಡೆ ನೋಡಬೇಡಿ."

ಅಷ್ಟರಲ್ಲಿ ಡಬ್ಬ ಹಿಡಿದವನೊಬ್ಬ ಓಡಿಬಂದ. "ಅಯ್ಯೋ ಸಾರ್..."

"ನೀವೂ ಮಧ್ಯೆ ಬರಬೇಡಿ!"

ನನಗೇನಂತೆ ಎಂದು ಡಬ್ಬದವನು ಹೊರಟುಹೋದ. ಮಗಳು ದಣಿದು ಸುಮ್ಮನಾದಳು. ಅವನು ಹೆಮ್ಮೆಯಿಂದ ಚಪ್ಪಾಳೆ ತಟ್ಟಿ ಅವಳೊಂದಿಗೆ ಒಳಗೆ ಹೋದ. ಅಜ್ಜಿ ಗೇಟಿನ ಬಳಿಯೇ ಉಳಿದರು.

ಹೆಡ್‌ಮಿಸ್ ಕೋಣೆಯಲ್ಲಿ ಹೊಚ್ಚಹೊಸ ಬಿಳಿ ಸೋಫಾ. ಅಪ್ಪ ಕೂತ. ಮಗಳು ಕೈಕಟ್ಟಿ ಗೊಂಬೆಯ ಹಾಗೆ ನಿಂತಳು.

"ಎಷ್ಟು ಸುಮ್ಮನಿದ್ದಾಳೆ!" ಎಂದರು ಹೆಡ್‌ಮಿಸ್. "ನಿನಗೆ ಯಾವ ಬಣ್ಣ ಗೊತ್ತು, ಪುಟ್ಟಿ?"

"ಹಸಿರು."

"ಎಲ್ಲಿದೆ?"

"ಅಪ್ಪನ ಹಿಂದೆ."

ಅಪ್ಪ ಎದ್ದು ನೋಡಿದ. ಬೆಂಚಿನ ಹಸಿರು ಪಟ್ಟಿಗಳೆಲ್ಲ ಅವನ ಬೆನ್ನಿನಿಂದ, ಪ್ಯಾಂಟಿನಿಂದ ಸೋಫಾಕ್ಕೆ ಇಳಿದಿದ್ದವು. ಹೆಡ್‌ಮಿಸ್ ಕಿರುಚಿದರು. ಮೇಜಿನ ಮೇಲಿನ ಗಾಜಿನ ಲೋಟ ನಡುಗಿತು.

ಮಗಳು ಮುಖ ತಿರುಗಿಸಿ ಕಿಟಕಿಯಾಚೆ ನೋಡುತ್ತಾ ನಿಂತಳು. ಉಸಿರು ತೆಗೆದುಕೊಳ್ಳಲೆಂದು ಹೆಡ್‌ಮಿಸ್ ನಿಲ್ಲಿಸಿದ್ದೇ ತಡ, ಓಡಿಹೋಗಿ ಚಪ್ಪಾಳೆ ತಟ್ಟಿ, "ಜಾಣೆ!" ಎಂದಳು.

ಹೆಡ್‌ಮಿಸ್ ಸೋಫಾವನ್ನು ಕರ್ಚೀಫಿನಿಂದ ಉಜ್ಜಿ ನೋಡಿದರು. ಆಮೇಲೆ ಹೇಳಿದರು: "ಮಗು ಸರಿಯಾಗಿದೆ. ಸೋಫಾ ಬೆಳ್ಳಗಾದ ದಿನ ಸೀಟು ಕೊಡ್ತೀನಿ."

ಹೊರಗೆ ಸಂಗತಿ ತಿಳಿದ ಅಜ್ಜಿ ತರಕಾರಿಯನ್ನೆಲ್ಲ ಅವನ ಜೇಬುಗಳಿಗೆ ತುಂಬಿ, ಹಿಂದೆ ಅಡ್ಡ ಹಿಡಿದುಕೊಳ್ಳಲು ಖಾಲಿ ಚೀಲ ಕೊಟ್ಟರು. ಅವನಿಗೆ ತಡೆಯಲಾಗಲಿಲ್ಲ. "ಹಸಿ ಬಣ್ಣ ಅಂತ ಒಂದು ಮಾತು ಹೇಳೋಕಾಗ್ತಿರಲಿಲ್ವೇನೇ?" ಎಂದು ನಡುಬೀದಿಯಲ್ಲಿ ಕಿರುಚಿದ.

ಮಗಳು ಲೈಟುಕಂಬ ನೋಡತೊಡಗಿದಳು. ಅಜ್ಜಿಯೂ ನೋಡತೊಡಗಿದರು.

ಅವನು ಬಾಯಿ ಮುಚ್ಚಿದ. ಇಬ್ಬರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು.