ಎದ್ದು ನಿಂತ ಊರು

ಹೊಸದಾಗಿ ಬಂದ ಶಿಕ್ಷಣ ಇಲಾಖೆಯ ಸಾಹೇಬರಿಗೆ ಸಕ್ಕರೆ ಕಾಯಿಲೆ ಬಂದದ್ದು ಪಂಚಾಕ್ಷರಪ್ಪ ಮೇಷ್ಟ್ರ ಗ್ರಹಚಾರ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದು, ಜೀಪು ಬಿಟ್ಟು ಕೆಳಗಿಳಿಯದ ಆ ಮನುಷ್ಯರಿಗೆ ದಿನಾ ಬೆಳಿಗ್ಗೆ ನಡೆಯಲೇಬೇಕೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಏರು ಹತ್ತಕೂಡದು, ಕಲ್ಲುಮುಳ್ಳು ಇರಕೂಡದು, ನಡೆದು ಅಭ್ಯಾಸವಿಲ್ಲದ ಕಾಲಿಗೆ ಹಿತವಾಗಿರಬೇಕು. ಕೆರೆಯ ಪಕ್ಕವಾದರೆ ಇನ್ನೂ ಒಳ್ಳೆಯದು ಎಂದೂ ಹೇಳಿದ್ದರಂತೆ.

ಶಿರಾಳಕೊಪ್ಪದ ಬಂಗಲೆಯಲ್ಲಿ ಮೊಕ್ಕಾಂ ಮಾಡಿದ್ದ ಸಾಹೇಬರು ನಾಳೆ ಶಾಲೆಯ ತನಿಖೆಗೆ ಬರುತ್ತಾರೆ, ಬೆಳಗಾಗುತ್ತಲೇ ಬಂದು ಮೊದಲು ನಡೆಯುತ್ತಾರೆ ಎಂಬ ಸುದ್ದಿ ತಂದವನು ಅದೇ ಶಾಲೆಯ ಇನ್ನೊಬ್ಬ ಮೇಷ್ಟ್ರು ಹುಚ್ಚರಾಯಪ್ಪ. ತನಗೆ ಸಂಸಾರವಿಲ್ಲದ್ದರಿಂದ ಅವನಿಗೆ ಇನ್ನೊಬ್ಬರ ಸಂಸಾರದ ಚಿಂತೆ ಜಾಸ್ತಿ.

“ನೀವೇ ಕೆರೆ ಕಡೆ ಕರ್ಕಂಡ್ ಹೋಗ್ರಿ. ತಣ್ಣಗೆ ಗಾಳಿ ಕುಡ್ದು ಖುಷಿಯಾಗಿರ್ತಾರೆ. ಆವಾಗ ವರ್ಗದ ಮಾತು ಎತ್ತಿಬಿಡ್ರಿ,” ಎಂದ.

ವರ್ಗ ಎಂಬ ಮಾತು ಕೇಳಿದರೆ ಸಾಕು, ಪಂಚಾಕ್ಷರಪ್ಪನವರ ಕಿವಿ ನೆಟ್ಟಗಾಗುತ್ತಿತ್ತು. ಹೆಂಡತಿ ಶಕುಂತಲಮ್ಮ ಸೊರಬದಾಚೆ ಕಾಡಂಚಿನ ಹಳ್ಳಿಯೊಂದರಲ್ಲಿ ಟೀಚರು. ಮದುವೆಯಾದಾಗಿನಿಂದ ಅವಳು ಅಲ್ಲಿ, ಇವರು ಇಲ್ಲಿ. ಶನಿವಾರ ಶಾಲೆ ಬಿಟ್ಟು, ಬಸ್ಸು ಬದಲಿಸಿ, ಕೊನೆಗೆ ನಡೆದು ಮನೆ ಮುಟ್ಟುವಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು. ಭಾನುವಾರ ಎದ್ದವಳು ಅಪ್ಪನನ್ನು ನೋಡಿ ಬಾಗಿಲ ಹಿಂದೆ ಅಡಗುತ್ತಿದ್ದಳು. ಹೆತ್ತ ಮಗುವೇ ಹೀಗೆ ಹೆದರಿದರೆ ಯಾವ ತಂದೆಗೆ ಸಂಕಟವಾಗುವುದಿಲ್ಲ? ಈಗ ಆ ಹಳ್ಳಿಯ ಶಾಲೆಯಲ್ಲೊಂದು ಜಾಗ ಖಾಲಿಯಾಗಿತ್ತು. ಮಳೆಗಾಲದಲ್ಲಿ ಬಸ್ಸೇ ಬಾರದ ಆ ಮೂಲೆಯನ್ನು ಇಡೀ ಜಿಲ್ಲೆಯಲ್ಲಿ ಕೇಳಿಕೊಂಡವರು ಇವರೊಬ್ಬರೇ.

ಆದರೆ ಒಂದು ತೊಡಕಿತ್ತು. ಬೆಳಗಿನ ಹೊತ್ತು ಕೆರೆಯ ಏರಿ ಊರಿನ ಸ್ವತ್ತು. ಗಂಡಸರು, ಹೆಂಗಸರು ಎಲ್ಲರೂ ಚೊಂಬು ಹಿಡಿದು ಅತ್ತಲೇ ಹೋಗುವವರು. ಆ ಸಂಜೆ ಪಂಚಾಕ್ಷರಪ್ಪ ನಾಚಿಕೆ ಬಿಟ್ಟು ಮನೆಮನೆಗೆ ಹೋಗಿ, ನಾಳೆ ಒಂದು ದಿನ ಏರಿಯ ಮೇಲೆ ಬರಬೇಡಿ ಎಂದು ಕೈಮುಗಿದರು. ಅವರಿದ್ದ ಬಾಡಿಗೆ ಮನೆಯ ಒಡತಿ ದುರ್ಗಮ್ಮ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ.

“ಸಾಹೇಬ್ರು ನಡೀತಾರಂತ ಊರೋರೆಲ್ಲ ಹೊಟ್ಟೆ ಕಟ್ಕಂಡು ಕೂರಾಕಾಗ್ತದೇನ್ರಿ ಮೇಷ್ಟ್ರೇ?”

ಕೊನೆಗೆ ಆಕೆಯೇ ಪಂಚಾಯ್ತಿ ಮಾಡಿದಳು. ಏರಿ ಸಾಹೇಬರಿಗೆ, ಊರಿನವರಿಗೆ ತೋಪಿನ ಪಕ್ಕ ನೀರಿನಂಚಿನಲ್ಲಿ ಹೋಗುವ ಕೆಳಗಿನ ದಾರಿ. ಎಲ್ಲರೂ ಒಪ್ಪಿದರು. ಮೇಷ್ಟ್ರು ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದರು.

ಬೆಳಿಗ್ಗೆ ಕೆರೆಯ ಮೇಲೆಲ್ಲ ಮಂಜು. ಸಾಹೇಬರು ಜೀಪಿನಿಂದಿಳಿದು, ಮಂಜು ಹಿಡಿದ ಕನ್ನಡಕ ಒರೆಸಿಕೊಂಡು, ಏರಿಯನ್ನು ಬುಡದಿಂದ ತುದಿಯವರೆಗೆ ನೋಡಿದರು. ಅಷ್ಟಕ್ಕೇ ಅವರಿಗೆ ಏದುಸಿರು ಬಂತು. ಇದನ್ನು ಹತ್ತಿದರೆ ಡಾಕ್ಟರು ಸುಮ್ಮನಿರುವುದಿಲ್ಲ, ಕೆಳಗೆ ಸಪಾಟಾದ ದಾರಿ ಇದೆಯಲ್ಲ, ಅತ್ತ ಹೋಗೋಣ ಎಂದರು. ಪಂಚಾಕ್ಷರಪ್ಪ ಕೆಸರಿದೆ ಎಂದರು, ಹಾವಿದೆ ಎಂದರು. ಇಷ್ಟು ಜನ ತುಳಿದು ಸವೆದ ದಾರಿಯಲ್ಲಿ ಹಾವೆಲ್ಲಿ ಬರುತ್ತದೆ ಎನ್ನುತ್ತ ಸಾಹೇಬರು ಇಳಿದೇಬಿಟ್ಟರು.

ಅಂಥ ಹೊತ್ತಿನಲ್ಲಿ ಯಾರಾದರೂ ಹಾದುಹೋದರೆ ಕೂತವರು ಸೀರೆ, ಪಂಚೆ ಸರಿಪಡಿಸಿಕೊಂಡು ಎದ್ದು ನಿಂತು, ಅವರು ದಾಟಿದ ಮೇಲೆ ಮತ್ತೆ ಕೂರುವುದು ನಮ್ಮ ಕಡೆಯ ಮರ್ಯಾದೆ. ಬೆಂಗಳೂರಿನ ಮನೆಯೊಳಗಿನ ಪಾಯಖಾನೆ ಕಂಡವರಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಮೊದಲ ಪೊದೆಯ ಹಿಂದಿನಿಂದ ದುರ್ಗಮ್ಮ ಎದ್ದಳು. ಆಚೆ ಇಬ್ಬರು ಗಂಡಸರು ಎದ್ದರು. ಮುಂದೆ ಹೆಂಗಸರ ಸಾಲೇ ಎದ್ದಿತು. ಸೊಂಟದವರೆಗೂ ಮಂಜು, ಮೇಲೆ ಗಂಭೀರವಾದ ಮುಖಗಳು.

ಸಾಹೇಬರು ಬೆರಗಾದರು. ಅದು ತುರ್ತು ಪರಿಸ್ಥಿತಿಯ ಕಾಲ. ಕಂಡಕಂಡ ಗೋಡೆಯ ಮೇಲೆಲ್ಲ ಶಿಸ್ತಿನ ಮಾತು. ಆ ಶಿಸ್ತು ಇಲ್ಲಿ ಕೆರೆಯ ಪಕ್ಕದಲ್ಲಿ ಸಾಲಾಗಿ ನಿಂತಿದೆ ಎಂದುಕೊಂಡರು. ಒಬ್ಬೊಬ್ಬರಿಗೂ ಕೈಮುಗಿಯುತ್ತ ನಡೆದರು. ಹಿಂದಿದ್ದ ಪಂಚಾಕ್ಷರಪ್ಪನವರಿಗೆ ಕೆರೆಗೆ ಹಾರೋಣವೆನ್ನಿಸಿತು.

ತೋಪಿನ ಕೊನೆಯಲ್ಲಿ, ಹೊಂಗೆಯ ಮರದಡಿ, ಒಬ್ಬ ಮಾತ್ರ ಏಳಲಿಲ್ಲ. ಸಾಹೇಬರ ದನಿ ಕೇಳಿದ್ದೇ ತಲೆಗೆ ಟವಲು ಎಳೆದುಕೊಂಡು ಇನ್ನಷ್ಟು ಕುಗ್ಗಿದ. ಸಾಹೇಬರ ಮುಖ ಬಿಗಿಯಿತು.

“ಯಾರ್ರೀ ಅದು? ಊರೇ ಎದ್ದು ನಿಂತಿದೆ, ನಿಮಗೇನು ದೊಡ್ಡಸ್ತಿಕೆ?”

ಹುಚ್ಚರಾಯಪ್ಪ ಎದ್ದ. ಗಾಬರಿಗೆ ಹೆಸರನ್ನೂ ಹುದ್ದೆಯನ್ನೂ ತಾನಾಗಿಯೇ ಒಪ್ಪಿಸಿಬಿಟ್ಟ. ಏನು ಮಾಡುತ್ತಿದ್ದಿರಿ ಎಂದರೆ, ಕೂತಿದ್ದೆ ಸಾರ್ ಎಂದ. ಸಾಹೇಬರು ಜೀಪಿನತ್ತ ತಿರುಗಿದರು.

ಶಾಲೆಯಲ್ಲಿ ಕಾಫಿಯಾದ ಮೇಲೆ ಪಂಚಾಕ್ಷರಪ್ಪ ವರ್ಗದ ಮಾತೆತ್ತಿದರು. ಸಾಹೇಬರು ಅವರ ಹೆಗಲ ಮೇಲೆ ಕೈಯಿಟ್ಟರು.

“ಆ ಜಾಗ ನಿಮಗೇ ಅಂತ ಇಟ್ಟಿದ್ದೆ ಮೇಷ್ಟ್ರೇ. ಆದರೆ ಬೆಳಗಾಗೆದ್ದು ಒಂದು ಊರು ಎದ್ದು ನಿಲ್ಲೋ ಹಾಗೆ ತಿದ್ದಿದೀರಿ. ನಿಮ್ಮನ್ನ ಕಾಡಿಗೆ ಕಳಿಸೋಕೆ ನನ್ನ ಮನಸ್ಸು ಒಪ್ಪಲ್ಲ. ಅದೆಲ್ಲ ಆ ಟವಲಿನ ಮೇಷ್ಟ್ರಂಥೋರಿಗೆ ಸರಿ. ಅವರನ್ನ ಅಲ್ಲಿಗೆ ಹಾಕ್ತೀನಿ.”

ನಿಜ ಹೇಳಲು ಪಂಚಾಕ್ಷರಪ್ಪ ಬಾಯಿ ತೆರೆದರು. ಹೇಳುವುದಾದರೂ ಏನು? ನೀವು ದಾರಿಯುದ್ದಕ್ಕೂ ಚೊಂಬು ಹಿಡಿದವರಿಗೆ ಕೈಮುಗಿದಿರಿ ಎಂದೇ? ಹಾಗೆಂದರೆ ವರ್ಗವಲ್ಲ, ನೌಕರಿಯೇ ಉಳಿಯದು. ತೆರೆದ ಬಾಯಿಂದ ತಮ್ಮ ಕೃಪೆ ಸಾರ್ ಎಂಬ ಮಾತು ಬಂತು. ಆ ಮಾತು ಆಡಿದ್ದಕ್ಕೆ ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

ಸಂಜೆ ಹುಚ್ಚರಾಯಪ್ಪ ಬಂದು ಜಗಲಿಯ ಮೇಲೆ ಕುಸಿದು ಕೂತ. ಕಾಡು, ಜಿಗಣೆ, ಗೊತ್ತಿಲ್ಲದ ಜನ ಎಂದು ಅಳುವುದೊಂದು ಬಾಕಿ. ತಾವೇ ಅಳಬೇಕಾಗಿದ್ದ ಪಂಚಾಕ್ಷರಪ್ಪನವರು ಅವನನ್ನು ಸಮಾಧಾನ ಮಾಡಬೇಕಾಯಿತು.

“ಅಲ್ಲಿ ಹೋಟೆಲ್ ಸೈತ ಇಲ್ವಂತಲ್ರಿ. ಎರಡೂ ಹೊತ್ತು ಊಟ ಹಾಕಾಕೆ ಶಕುಂತಲಮ್ಮೋರಿಗೆ ಒಂದ್ ಮಾತು ಹೇಳಿಬಿಡ್ರಿ,” ಎಂದ. ಆಮೇಲೆ ಏನೋ ನೆನಪಾದವನಂತೆ ಕೇಳಿದ, “ಶಾಲೆಗೂ ನಿಮ್ಮನೆಗೂ ಭಾಳ ದೂರ ಏನ್ರಿ?”

“ಇಲ್ಲ,” ಎಂದರು ಪಂಚಾಕ್ಷರಪ್ಪ. “ಎದುರಿಗೇ ಐತಿ.”