ಅಜ್ಜನ ಟ್ರಸ್ಟಿನ ಮೇಲೆ ಮೃತ್ಯುಂಜಯಪ್ಪನ ದಂಡಯಾತ್ರೆ

ವರವ ಕೊಡು, ವಾಗ್ದೇವಿಯೇ! ಖಡ್ಗಗಳೆಲ್ಲ ವಸ್ತುಸಂಗ್ರಹಾಲಯ ಸೇರಿ, ಪುರುಷಪರಾಕ್ರಮವನ್ನು ಆದಾಯ ತೆರಿಗೆಯ ರಿಟರ್ನಿನಿಂದಲೇ ಅಳೆಯುವ ಈ ಕಲಿಯುಗದಲ್ಲಿ, ಹುಬ್ಬಳ್ಳಿಯೆಂಬ ವಾಣಿಜ್ಯಲಕ್ಷ್ಮೀವಿಲಾಸನಗರಿಯಲ್ಲಿ, ಸ್ಟೀಲ್‌ಪಾತ್ರೆವ್ಯಾಪಾರಧುರಂಧರನೂ ಚೌಕಾಸಿಸಮರಸಿಂಹನೂ ಆದ ಮೃತ್ಯುಂಜಯಪ್ಪನು ಅಜ್ಜನ ಟ್ರಸ್ಟಿನ ಮೇಲೆ ದಂಡೆತ್ತಿ ಹೋದ ಕಥೆಯನ್ನು ನನ್ನ ನಾಲಿಗೆಯಿಂದ ನುಡಿಸು.

ಅಜ್ಜ ಟ್ರಸ್ಟಿಗೆ ಬಿಟ್ಟುಹೋದ ಮಳಿಗೆಗಳ ಬಾಡಿಗೆಯನ್ನು ವರ್ಷಕ್ಕೊಮ್ಮೆ ಮೊಮ್ಮಕ್ಕಳಿಗೆ ಹಂಚುವವಳು ಸೋದರತ್ತೆ ಬಸಲಿಂಗವ್ವ. ಯಾರಿಗೆ ಎಷ್ಟೆಂಬುದು ಆಕೆಯ ಚಿತ್ತ. ತನಗೆ ಬಂದ ಹಣಕ್ಕೆ ಮೃತ್ಯುಂಜಯಪ್ಪ ಕೈಯಾರೆ ತೆರಿಗೆ ಕಟ್ಟಿದ್ದ. ಹಂಚುವ ಮುನ್ನವೇ ಅತ್ತೆಯೂ ಅದಕ್ಕೆ ತೆರಿಗೆ ಕಟ್ಟಿದ್ದಳೆಂಬುದು ಆಮೇಲೆ ತಮ್ಮನ ಬಾಯಿಂದ ಕಿವಿಗೆ ಬಿತ್ತು. ಮಗನ ಮದುವೆಯ ಖರ್ಚು ಎದುರಿಗಿರುವಾಗ ಹೀಗಾಯಿತಲ್ಲ ಎಂದು ಅವನ ಹೊಟ್ಟೆ ಉರಿಯಿತು.

ಸ್ಕೂಟರೆಂಬ ಧೂಮಧ್ವಜರಥವನ್ನೇರಿ ಹೊರಟ ವೀರನು, "ಎಲೌ ಟ್ರಸ್ಟಿಕುಲಶಿರೋಮಣಿಯೇ! ಒಂದೇ ಧನಕ್ಕೆ ಎರಡು ಬಾರಿ ಕಪ್ಪವೊಪ್ಪಿಸುವ ಹೇಡಿಯು ನಮ್ಮ ವಂಶದಲ್ಲಿ ಹುಟ್ಟಿಲ್ಲ!" ಎಂಬ ಮಹಾಗರ್ಜನೆಯನ್ನು ದಾರಿಯುದ್ದಕ್ಕೂ ಮಸೆಯುತ್ತ ಬಂದನು. ಅತ್ತೆ ಪಡಸಾಲೆಯಲ್ಲಿ ಹುರಿದ ಶೇಂಗಾದ ಸಿಪ್ಪೆ ತೆಗೆಯುತ್ತಿದ್ದಳು. ಆಕೆ ತಲೆ ಎತ್ತಿ ನೋಡಿದ್ದೇ ತಡ, ಗರ್ಜನೆ ಅರ್ಧಕ್ಕೆ ಇಳಿಯಿತು.

"ಅತ್ತಿ, ಒಂದ ರೊಕ್ಕಕ್ಕ ಎರಡ ಸಲ ತೆರಿಗಿ ಏನ್ರಿ? ನೀವು ಕಟ್ಟೀರಿ, ನಾನೂ ಕಟ್ಟೀನಿ!"

"ಯಾರಿಗೆ ಎಷ್ಟು ಪಾಲಂತ ನಮ್ಮಪ್ಪ ಬರದಿಡಲಿಲ್ಲಪಾ. ಅಂಥಾ ಟ್ರಸ್ಟಿದ್ರ ಟ್ರಸ್ಟೇ ಎಲ್ಲಾಕ್ಕಿಂತ ಮ್ಯಾಲಿನ ದರದಾಗ ಕಟ್ಟಬೇಕು. ಅದು ಕಟ್ಟಿದ ಮ್ಯಾಲೆ ತಗೊಂಡವ್ರು ಮತ್ತ ಕಟ್ಟೂದಿಲ್ಲ. ನಿನಗ ಕಟ್ಟಂತ ಹೇಳಿದವರ್ಯಾರು?"

ಯಾರೂ ಹೇಳಿರಲಿಲ್ಲ. ಹೆಣ್ಣಿನ ಕಡೆಯವರು ರಿಟರ್ನ್ ನೋಡಲು ಕೇಳಿದ್ದರು. ಆದಾಯ ದೊಡ್ಡದಾಗಿ ಕಾಣಲೆಂದು, ಆಡಿಟರಿಗೂ ತಿಳಿಸದೆ, ಟ್ರಸ್ಟಿನ ಹಣವನ್ನೆಲ್ಲ ಅಂಗಡಿಯ ಲಾಭವೆಂದು ತಾನೇ ತುಂಬಿದ್ದ. ವೀರನ ಮುಖ ಸಪ್ಪಗಾಯಿತು.

ಮದುವೆಯ ಮಾತುಕತೆ ಗೊತ್ತಿದ್ದ ಅತ್ತೆಗೆ ಆ ಮುಖ ನೋಡಿದ್ದೇ ಎಲ್ಲ ತಿಳಿಯಿತು. "ತಿದ್ದಿ ಮತ್ತೊಂದು ರಿಟರ್ನ್ ಹಾಕು, ಇನ್ನೂ ವ್ಯಾಳ್ಯಾ ಐತಿ. ರೊಕ್ಕ ವಾಪಸ್ ಬರ್ತೈತಿ. ನಿನ್ನ ಆದಾಯ ಅಷ್ಟ ಕಡಿಮಿ ಕಾಣ್ತೈತಿ. ಬೀಗರು ಯಾವಾಗ ಬರ್ತಾರ?"

"ಐತವಾರ ರೀ."

ಸಮರಸಿಂಹನು ಶೇಂಗಾದ ಮೊರವನ್ನು ತನ್ನತ್ತ ಎಳೆದುಕೊಂಡು ಸಿಪ್ಪೆ ಊದತೊಡಗಿದನು.

"ಐತವಾರ ನೀವೂ ಬರ್ರಿ ಅತ್ತಿ," ಎಂದನು ಮೆಲ್ಲಗೆ. "ತೆರಿಗಿ ಮಾತಷ್ಟ ತಗೀಬ್ಯಾಡ್ರಿ."